ಐದು ನಿಮಿಷದ ಆಡಿಯೋ ಸಾಕ್ಷ್ಯಚಿತ್ರ: ಕಾಲೇಜು ತಂಡಗಳಿಗೆ ಹಂತ ಹಂತದ ಮಾರ್ಗದರ್ಶಿ

ಸೆಮಿಸ್ಟರ್‌ನ ಕೊನೆಗೆ ವಿದ್ಯಾರ್ಥಿಗಳು ಸಲ್ಲಿಸುವ ಆಡಿಯೋ ಸಾಕ್ಷ್ಯಚಿತ್ರಗಳನ್ನು ಸಾಲಾಗಿ ಕೇಳುತ್ತಾ ಹೋದರೆ ಒಂದೇ ದೋಷ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಕೊಳಲಿನ ಹಿನ್ನೆಲೆಯ ಮೇಲೆ ನಿರೂಪಕರೊಬ್ಬರು ಶ್ರಮಜೀವಿಗಳ ಬಗ್ಗೆ ನಾಲ್ಕು ವಾಕ್ಯ ಓದುತ್ತಾರೆ, ಆಮೇಲೆ ವ್ಯಕ್ತಿಯೊಬ್ಬರು ಕೆಲಸ ಮುಗಿಸಿ ಕುಳಿತು ಕಷ್ಟಸುಖ ಹೇಳಿಕೊಳ್ಳುತ್ತಾರೆ, ಕೊನೆಗೆ ಮತ್ತೆ ಕೊಳಲು ಬರುತ್ತದೆ. ಅವರು ಏನು ಕೆಲಸ ಮಾಡುತ್ತಾರೆಂಬುದು ಕೇಳುಗರಿಗೆ ತಿಳಿಯುತ್ತದೆಯೇ ಹೊರತು, ಆ ಕೆಲಸ ನಡೆಯುವುದು ಒಮ್ಮೆಯೂ ಕೇಳಿಸುವುದಿಲ್ಲ.

ಇದಕ್ಕೆ ಉಪಕರಣದ ಬಡತನವನ್ನು ದೂರುವವರೇ ಹೆಚ್ಚು. ನಿಜವಾದ ಕಾರಣ ಹಂತಗಳ ಕ್ರಮದಲ್ಲಿದೆ. ಬಹುತೇಕ ತಂಡಗಳು ನಿರೂಪಣೆಯನ್ನು ಮೊದಲೇ ಬರೆದಿಟ್ಟುಕೊಂಡು, ಅದಕ್ಕೆ ಹೊಂದುವ ಸಂದರ್ಶನ ಮಾಡಿ, ಸಂಕಲನಕ್ಕೆ ಕುಳಿತ ರಾತ್ರಿ ಒಂದಿಷ್ಟು ಹಿನ್ನೆಲೆ ಸದ್ದು ಹುಡುಕಲು ಹೊರಡುತ್ತವೆ. ಮೊದಲು ಕೆಲಸದ ಸದ್ದು, ಆಮೇಲೆ ಮಾತು, ಎಲ್ಲಕ್ಕೂ ಕೊನೆಯಲ್ಲಿ ನಿರೂಪಣೆ ಎಂಬ ಕ್ರಮವನ್ನು ಪಾಲಿಸಿದರೆ ಅರ್ಧ ತೊಂದರೆಗಳು ಹುಟ್ಟುವುದೇ ಇಲ್ಲ. ಈ ಮಾರ್ಗದರ್ಶಿ ಇಬ್ಬರು ಅಥವಾ ಮೂವರ ತಂಡ, ಐದರಿಂದ ಏಳು ನಿಮಿಷದ ಅವಧಿ ಮತ್ತು ಬೆಂಗಳೂರಿನ ಬೀದಿಗಳನ್ನು ಗಮನದಲ್ಲಿಟ್ಟುಕೊಂಡಿದೆ. ಉದಾಹರಣೆಗೆಂದು ಬಡಾವಣೆಯೊಂದರ ಮೂಲೆಯಲ್ಲಿ ನಿಂತಿರುವ ಇಸ್ತ್ರಿ ಗಾಡಿಯನ್ನು ಉದ್ದಕ್ಕೂ ಇಟ್ಟುಕೊಳ್ಳೋಣ.

## ಹೊರಡುವ ಮೊದಲು ಕೈಯಲ್ಲಿರಬೇಕಾದವು

ರೆಕಾರ್ಡರ್ ಆಗಿ ಫೋನ್ ಸಾಕು, ಆದರೆ ಅದರ ಸೆಟ್ಟಿಂಗ್ ಸರಿಯಾಗಿರಬೇಕು. ಹಲವು ಫೋನ್‌ಗಳ ಸ್ವಂತ ರೆಕಾರ್ಡರ್ ಧ್ವನಿಯನ್ನು ಕುಗ್ಗಿಸಿ ಉಳಿಸುತ್ತದೆ. ಆದ್ದರಿಂದ ಧ್ವನಿಯನ್ನು ಕುಗ್ಗಿಸದೆ ಇಡುವ ವೇವ್ ಕಡತದಲ್ಲಿ, 48 ಕಿಲೋಹರ್ಟ್ಝ್ ಮತ್ತು 24 ಬಿಟ್‌ನಲ್ಲಿ ದಾಖಲಿಸುವ ಆ್ಯಪ್ ಹಾಕಿಕೊಳ್ಳಿ. 24 ಬಿಟ್ ಸಿಗದಿದ್ದರೆ 16 ಬಿಟ್ ಆದರೂ ಆದೀತು. ಈ ಗುಣಮಟ್ಟದಲ್ಲಿ 24 ಬಿಟ್‌ನ ಒಂದು ಗಂಟೆಯ ಮೊನೊ, ಅಂದರೆ ಒಂದೇ ವಾಹಿನಿಯ, ದಾಖಲೆ ಸುಮಾರು 520 ಎಂಬಿ ಜಾಗ ಹಿಡಿಯುತ್ತದೆ, ಎಡ ಬಲ ಎರಡು ವಾಹಿನಿಯ ಸ್ಟೀರಿಯೊ ಆದರೆ ಅದರ ಎರಡರಷ್ಟು. ಫೋನಿನಲ್ಲಿ ಕನಿಷ್ಠ 4 ಜಿಬಿ ಖಾಲಿ ಇರಲಿ, ಜೊತೆಗೊಂದು ಪವರ್ ಬ್ಯಾಂಕ್ ಇರಲಿ.

ಕಾಲರಿಗೆ ಸಿಕ್ಕಿಸುವ ತಂತಿಯ ಮೈಕ್ ಮಾತಿಗೆ ಒಳ್ಳೆಯದು. ನಿಮ್ಮ ಫೋನಿನಲ್ಲಿ 3.5 ಮಿಲಿಮೀಟರ್ ಜಾಕ್ ಇಲ್ಲದಿದ್ದರೆ ಅದಕ್ಕೆ ಅಡಾಪ್ಟರ್ ಬೇಕು. ಎಲ್ಲ ಅಡಾಪ್ಟರ್‌ಗಳೂ ಮೈಕ್‌ನ ಸಂಕೇತವನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಕೊಳ್ಳುವಾಗಲೇ ನಿಮ್ಮ ಫೋನಿಗೆ ಸಿಕ್ಕಿಸಿ, ಮೈಕ್‌ನ ತಲೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ದಾಖಲಿಸಿ ಕೇಳಿ. ಕೆರೆದ ಸದ್ದು ದೊಡ್ಡದಾಗಿ ಬಂದರೆ ಮೈಕ್ ಕೆಲಸ ಮಾಡುತ್ತಿದೆ. ಬರದಿದ್ದರೆ ಫೋನಿನ ಒಳಮೈಕ್‌ನಲ್ಲೇ ದಾಖಲಾಗುತ್ತಿದೆ ಎಂದರ್ಥ.

ತಂತಿಯಿರುವ, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ತಪ್ಪಿಸಲಾಗದ ವಸ್ತು. ಬ್ಲೂಟೂತ್ ಹೆಡ್‌ಫೋನಿನಲ್ಲಿ ಸದ್ದು ತಡವಾಗಿ ಬರುತ್ತದೆ, ಅಲ್ಲದೆ ಅದು ಜೋಡಣೆಯಾದ ಕೂಡಲೇ ಕೆಲವು ಫೋನ್‌ಗಳು ಹೆಡ್‌ಫೋನಿನ ಮೈಕ್‌ಗೆ ಜಿಗಿದುಬಿಡುತ್ತವೆ. ಮೈಕ್‌ಗೆ ಸ್ಪಂಜಿನ ಟೊಪ್ಪಿ, ಒಂದು ನೋಟ್‌ಪುಸ್ತಕ, ಎರಡು ಪೆನ್ನು. ಸಂಕಲನಕ್ಕೆ ಉಚಿತವಾಗಿ ಸಿಗುವ ಆಡಾಸಿಟಿ ಸಾಕು. ರೀಪರ್ ತಂತ್ರಾಂಶವನ್ನೂ 60 ದಿನ ಪರೀಕ್ಷಾರ್ಥವಾಗಿ ಬಳಸಬಹುದು.

ಸ್ಟುಡಿಯೋದ ದೊಡ್ಡ ಕಂಡೆನ್ಸರ್ ಮೈಕನ್ನು ಕಾಲೇಜಿನಿಂದ ಎರವಲು ತರುವ ಆಸೆಯನ್ನು ಬಿಡಿ. ಅದಕ್ಕೆ ಮೈಕ್‌ನ ತಂತಿಯಲ್ಲೇ ಹರಿಸುವ 48 ವೋಲ್ಟ್‌ನ ಫ್ಯಾಂಟಮ್ ವಿದ್ಯುತ್ ಬೇಕು, ಬೀದಿಯಲ್ಲಿ ನಿಲ್ಲಿಸಿದರೆ ಅದು ಅತ್ತಲಿನ ಆಟೋದ ಹಾರನ್ನನ್ನೂ ಅಷ್ಟೇ ಅಕ್ಕರೆಯಿಂದ ಎತ್ತಿಕೊಳ್ಳುತ್ತದೆ.

## ಹಂತ 1: ಬದುಕನ್ನು ಬಿಟ್ಟು ಕೆಲಸವನ್ನು ಆರಿಸಿ

‘ಹೂ ಮಾರುವವರ ಬದುಕು’, ‘ಪೌರಕಾರ್ಮಿಕರ ಜೀವನ’ ಎಂಬಂಥ ವಿಷಯಗಳು ಐದು ನಿಮಿಷದಲ್ಲಿ ಹಿಡಿಸುವುದಿಲ್ಲ. ಒಬ್ಬ ವ್ಯಕ್ತಿಯ ಒಂದು ದಿನದ ಒಂದು ಕೆಲಸವನ್ನು, ಅದರ ಶುರು ಮತ್ತು ಮುಕ್ತಾಯದೊಂದಿಗೆ ಆರಿಸಿಕೊಳ್ಳಿ. ಕೆ.ಆರ್. ಮಾರುಕಟ್ಟೆಯಲ್ಲಿ ಇನ್ನೂ ಕತ್ತಲಿರುವಾಗ ಕನಕಾಂಬರ ಕೊಂಡ ಹೆಂಗಸು ಮಲ್ಲೇಶ್ವರದ ಎಂಟನೇ ಕ್ರಾಸ್‌ಗೆ ಬಂದು ಮೊದಲ ಮೊಳವನ್ನು ಅಳೆದು ಕೊಡುವವರೆಗಿನ ಹೊತ್ತು ಒಂದು ವಿಷಯ. ಪಿ.ಜಿ.ಯೊಂದರ ಅಡುಗೆಯವರು ಬೆಳಗಿನ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಲು ಕುಳಿತಲ್ಲಿಂದ ಕೊನೆಯ ತಟ್ಟೆ ತೊಳೆಯುವವರೆಗಿನದು ಇನ್ನೊಂದು.

ಆಯ್ಕೆಯನ್ನು ಮೂರು ಪ್ರಶ್ನೆಗಳಿಂದ ಪರೀಕ್ಷಿಸಿ. ಈ ಕೆಲಸದಲ್ಲಿ ಕೈಯಿಂದ ಹುಟ್ಟುವ ಸದ್ದು ಇದೆಯೇ? ಕೆಲಸ ಮುಗಿಯಿತೆಂದು ಕಣ್ಣು ಮುಚ್ಚಿ ಕೇಳುವವರಿಗೂ ಗೊತ್ತಾಗುತ್ತದೆಯೇ? ಆ ದಿನ ಏನಾದರೂ ಕೈತಪ್ಪುವ ಸಾಧ್ಯತೆ ಇದೆಯೇ? ಇಸ್ತ್ರಿ ಗಾಡಿ ಮೂರಕ್ಕೂ ಒಪ್ಪುತ್ತದೆ: ಇದ್ದಿಲು ಕೊಡವುವುದು, ನೀರು ಚಿಮುಕಿಸುವುದು, ಭಾರದ ಇಸ್ತ್ರಿ ಪೆಟ್ಟಿಗೆ ಮೇಜಿನ ಮೇಲೆ ಕೂರುವುದು ಇವೆಲ್ಲ ಸದ್ದುಗಳು, ಬಟ್ಟೆಯ ಗಂಟು ಮನೆ ಸೇರುವುದು ಮುಕ್ತಾಯ, ಕಚೇರಿಗೆ ಹೊರಡುವವರ ಷರ್ಟು ಎಂಟೂವರೆಯೊಳಗೆ ಸಿಗಬೇಕೆಂಬುದು ಆ ಬೆಳಗಿನ ಒತ್ತಡ. ಈಗ ಗ್ಯಾಸ್‌ನಿಂದ ಕಾಯುವ ಪೆಟ್ಟಿಗೆಗಳೂ ಬಂದಿರುವುದರಿಂದ ನೀವು ಆರಿಸಿದ ಗಾಡಿಯಲ್ಲಿ ಇದ್ದಿಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಸದ್ದಿನ ಪಟ್ಟಿಯೇ ಬದಲಾಗುತ್ತದೆ.

ಅತ್ತು ಹೇಳುವ ಕತೆ ಇದ್ದರೆ ಮಾತ್ರ ಸಾಕ್ಷ್ಯಚಿತ್ರ ಎಂಬ ನಂಬಿಕೆಯಿಂದ ತಂಡಗಳು ಕಷ್ಟವನ್ನು ಹುಡುಕಿಕೊಂಡು ಹೋಗುತ್ತವೆ. ಕೆಲಸದಲ್ಲಿ ಪಳಗಿದ ಕೈಯನ್ನು ಹುಡುಕಿ. ಕಷ್ಟವಿದ್ದರೆ ಅದು ತಾನಾಗಿ ಮಾತಿನಲ್ಲಿ ಬರುತ್ತದೆ.

## ಹಂತ 2: ಮೈಕ್ ಇಲ್ಲದೆ ಒಮ್ಮೆ ಹೋಗಿ, ಒಪ್ಪಿಗೆ ಪಡೆಯಿರಿ

ಮೊದಲ ಭೇಟಿಯಲ್ಲಿ ಫೋನ್ ಜೇಬಿನಲ್ಲೇ ಇರಲಿ. ದಾಖಲಿಸಬೇಕೆಂದಿರುವ ಹೊತ್ತಿಗೇ ಹೋಗಿ, ಒಂದು ಗಂಟೆ ನಿಂತು, ಕೇಳಿಸಿದ ಸದ್ದುಗಳನ್ನು ಗಳಿಗೆಯೊಂದಿಗೆ ಬರೆದುಕೊಳ್ಳಿ. ಯಾವ ಸದ್ದು ಸದಾ ಇದೆ, ಯಾವುದು ಬಂದು ಹೋಗುತ್ತದೆ, ಯಾವುದು ಕೆಲಸಕ್ಕೆ ಸಂಬಂಧಿಸಿಲ್ಲ ಎಂದು ಬೇರ್ಪಡಿಸಿ. ಬೆಂಗಳೂರಿನಲ್ಲಿ ಈ ಕೊನೆಯ ಗುಂಪು ದೊಡ್ಡದು: ಮೆಟ್ರೊ ಕಾಮಗಾರಿ, ಕೊಳವೆಬಾವಿ ಕೊರೆತ, ದೇವಸ್ಥಾನದ ಧ್ವನಿವರ್ಧಕ, ಎಚ್‌ಎಎಲ್ ಸುತ್ತಮುತ್ತ ವಿಮಾನದ ಅಬ್ಬರ, ಬೇಸಿಗೆಯಲ್ಲಿ ಬಿಡದೆ ಕೂಗುವ ಕೋಗಿಲೆ. ಕೋಗಿಲೆ ಚೆಂದವೇ, ಆದರೆ ಒಂದು ವಾಕ್ಯದ ನಡುವೆ ಕತ್ತರಿ ಹಾಕಿದಾಗ ಕೂಗು ಅರ್ಧಕ್ಕೆ ತುಂಡಾಗಿ ಸಂಕಲನದ ಗುಟ್ಟನ್ನು ಬಿಟ್ಟುಕೊಡುತ್ತದೆ.

ಒಪ್ಪಿಗೆ ಕೇಳುವಾಗ ನೀವು ಯಾರು, ಯಾವ ಕಾಲೇಜಿನವರು, ಧ್ವನಿ ಎಲ್ಲೆಲ್ಲಿ ಕೇಳಿಸಲಿದೆ, ಆಮೇಲೆ ಬೇಡವೆನಿಸಿದರೆ ಅವರು ಏನು ಮಾಡಬಹುದು ಎಂಬ ನಾಲ್ಕನ್ನೂ ಸರಳ ಮಾತಿನಲ್ಲಿ ಹೇಳಿ. “ಅಣ್ಣ, ಇದು ನಮ್ಮ ಕಾಲೇಜಿನ ಪ್ರಾಜೆಕ್ಟು, ಆಮೇಲೆ ಇಂಟರ್‌ನೆಟ್‌ನಲ್ಲೂ ಹಾಕ್ತೀವಿ, ಯಾರು ಬೇಕಾದ್ರೂ ಕೇಳ್ಬಹುದು” ಎಂಬ ಎರಡನೆಯ ಭಾಗವನ್ನು ನುಂಗಿಕೊಳ್ಳುವ ತಂಡಗಳೇ ಮುಂದೆ ತೊಂದರೆಗೆ ಸಿಕ್ಕಿಕೊಳ್ಳುವುದು. ದಾಖಲೆಯ ದಿನ ಇದೇ ಮಾತನ್ನು ಮತ್ತೊಮ್ಮೆ ಹೇಳಿ, ಅವರ ಉತ್ತರವನ್ನು ಧ್ವನಿಯಲ್ಲೇ ಹಿಡಿದಿಡಿ. ಹದಿನೆಂಟು ತುಂಬದವರ ಧ್ವನಿ ಬೇಕಿದ್ದರೆ ಪೋಷಕರ ಒಪ್ಪಿಗೆ ಬೇಕು. ಅಂಗಡಿ, ಬಿಎಂಟಿಸಿ ಬಸ್, ಮೆಟ್ರೊ ನಿಲ್ದಾಣದಂಥ ಕಡೆಗಳಲ್ಲಿ ಕೆಲಸಗಾರರ ಒಪ್ಪಿಗೆಯ ಜೊತೆಗೆ ಮಾಲೀಕರ ಅಥವಾ ಸಂಸ್ಥೆಯ ಅನುಮತಿಯೂ ಬೇಕು, ಮತ್ತು ಅದಕ್ಕೆ ಕಾಲೇಜಿನ ಪತ್ರದೊಂದಿಗೆ ಮೊದಲೇ ಓಡಾಡಬೇಕು.

ಮಾತಾಡಿದ್ದಕ್ಕೆ ಹಣ ಕೊಡಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಮಾತಿಗೆ ದರ ಕಟ್ಟಿದರೆ ಮಾತು ಗಿರಾಕಿಗೆ ಬೇಕಾದಂತೆ ತಿರುಗುತ್ತದೆ. ಆದರೆ ಅವರ ಸಮಯ ತಿಂದು ಬರಿಗೈಯಲ್ಲಿ ಬರುವುದೂ ಸರಿಯಲ್ಲ. ನಿಮ್ಮ ಬಟ್ಟೆಗಳನ್ನು ಇಸ್ತ್ರಿಗೆ ಕೊಟ್ಟು, ಚೌಕಾಸಿ ಮಾಡದೆ ದುಡ್ಡು ಕೊಡಿ.

## ಹಂತ 3: ಹಾಸ್ಟೆಲ್ ಕೋಣೆಯಲ್ಲಿ ಪರೀಕ್ಷಾ ದಾಖಲೆ

ತಂಡದವರೊಬ್ಬರನ್ನು ಕೂರಿಸಿ ಎರಡು ನಿಮಿಷ ದಾಖಲಿಸಿ. ಮಟ್ಟಸೂಚಕದಲ್ಲಿ ಮಾತಿನ ಶಿಖರಗಳು, ಅಂದರೆ ಧ್ವನಿ ಮುಟ್ಟುವ ಅತಿ ಎತ್ತರದ ಬಿಂದುಗಳು, ಮೈನಸ್ 18ರಿಂದ ಮೈನಸ್ 12 ಡೆಸಿಬೆಲ್‌ನ ಆಸುಪಾಸಿನಲ್ಲಿರಲಿ. ನಗುವಾಗ ಮೈನಸ್ 6ಕ್ಕೆ ಏರಿದರೂ ಪರವಾಗಿಲ್ಲ, ಸೊನ್ನೆಯನ್ನು ಮುಟ್ಟಬಾರದು. ಸೊನ್ನೆ ಮುಟ್ಟಿ ಒಡೆದ ಧ್ವನಿಯನ್ನು ಆಮೇಲೆ ಪೂರ್ತಿ ಸರಿಪಡಿಸಲು ಬರುವುದಿಲ್ಲ, ಕಡಿಮೆ ಮಟ್ಟದ ಧ್ವನಿಯನ್ನಾದರೆ ಏರಿಸಿಕೊಳ್ಳಬಹುದು.

ಕೈಯಲ್ಲಿ ಹಿಡಿದ ಮೈಕ್ ಬಾಯಿಂದ ಒಂದು ಗೇಣು ದೂರದಲ್ಲಿ, ನೇರ ಎದುರಿಗಲ್ಲದೆ ಗಲ್ಲದ ಸ್ವಲ್ಪ ಕೆಳಗೆ, ಓರೆಯಾಗಿ ಇರಬೇಕು. “ಪಾಪ, ಭಾಗ್ಯ, ಫಲ” ಎಂದು ಹೇಳಿಸಿ. ಉಸಿರು ಮೈಕ್‌ಗೆ ಬಡಿದು ಢಬ್ ಎನ್ನುತ್ತಿದ್ದರೆ ಮೈಕನ್ನು ಇನ್ನೂ ಓರೆ ಮಾಡಿ. ಆ್ಯಪ್‌ನಲ್ಲಿ ಧ್ವನಿಮಟ್ಟವನ್ನು ತಾನಾಗಿ ಏರಿಳಿಸುವ ಸೌಲಭ್ಯವಿದ್ದರೆ ಅದನ್ನು ಆಫ್ ಮಾಡಿ, ಏಕೆಂದರೆ ಮಾತು ನಿಂತೊಡನೆ ಅದು ಬೀದಿಯ ಗದ್ದಲವನ್ನು ಎತ್ತಿ ಹಿಡಿಯುತ್ತದೆ. ಹಿನ್ನೆಲೆಯಲ್ಲಿ ಗುಂಯ್‌ಗುಡುವ ಸದ್ದು ಕೇಳಿದರೆ ಅದು ಬಹುಮಟ್ಟಿಗೆ 50 ಹರ್ಟ್ಝ್‌ನ ಮನೆ ವಿದ್ಯುತ್ತಿನದು. ಚಾರ್ಜರ್ ಕಿತ್ತು ನೋಡಿ.

## ಹಂತ 4: ಮೊದಲು ಕೆಲಸವನ್ನು ದಾಖಲಿಸಿ

ದಾಖಲೆಯ ದಿನ ಕೆಲಸ ಶುರುವಾಗುವುದಕ್ಕಿಂತ ಅರ್ಧ ಗಂಟೆ ಮೊದಲೇ ಅಲ್ಲಿರಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ನಡುವೆ ಕರೆ ಬಂದರೆ ಕೆಲವು ಆ್ಯಪ್‌ಗಳು ಸದ್ದಿಲ್ಲದೆ ದಾಖಲೆ ನಿಲ್ಲಿಸುತ್ತವೆ. ಒಬ್ಬರು ಹೆಡ್‌ಫೋನ್ ಹಾಕಿಕೊಂಡು ಮೈಕ್ ಹಿಡಿಯಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಬರೆಯುವವರು ಗಾಡಿಯಿಂದ ತುಸು ದೂರ ನಿಂತರೆ ಗಿರಾಕಿಗಳು ಎಂದಿನಂತೆ ಬಂದು ಹೋಗುತ್ತಾರೆ.

ಪ್ರತಿ ಸದ್ದನ್ನೂ ಮೂರು ದೂರಗಳಿಂದ ತೆಗೆಯಿರಿ. ರಸ್ತೆಯ ಆಚೆಯಿಂದ ಇಡೀ ಓಣಿ; ಎರಡು ಹೆಜ್ಜೆ ದೂರದಿಂದ ಗಾಡಿ; ಗೇಣಿನಷ್ಟು ಹತ್ತಿರದಿಂದ ಬಟ್ಟೆಯ ಮೇಲೆ ಜಾರುವ ಪೆಟ್ಟಿಗೆ. ಒಂದೇ ದೂರದಿಂದ ತೆಗೆದ ಸದ್ದುಗಳನ್ನು ಜೋಡಿಸಿದರೆ ಕೇಳುಗರು ಒಂದೇ ಕಡೆ ನಿಂತಂತಾಗುತ್ತದೆ. ದೂರ ಬದಲಾದಾಗಲೇ ಅವರು ಓಣಿಯೊಳಗೆ ನಡೆದು ಬಂದಂತೆ ಭಾಸವಾಗುವುದು. ಪ್ರತಿಯೊಂದನ್ನೂ ಅಲುಗದೆ, ಮಾತಾಡದೆ, ಕನಿಷ್ಠ ಒಂದು ನಿಮಿಷ ಹಿಡಿಯಿರಿ. ಇಪ್ಪತ್ತು ಸೆಕೆಂಡಿಗೆ ಬೇಸರ ಬರುತ್ತದೆ, ಆಗ ನಿಲ್ಲಿಸಬೇಡಿ.

ಸದ್ದು ಮುಗಿಯಿತೆಂದ ಮೇಲೂ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ ಆಮೇಲೆ ದಾಖಲೆ ನಿಲ್ಲಿಸಿ. ಪೆಟ್ಟಿಗೆಯನ್ನು ಕೆಳಗಿಟ್ಟ ಮೇಲೆ ಬರುವ ನಿಟ್ಟುಸಿರು, “ಮುಗೀತು ನೋಡಿ” ಎಂಬ ಮಾತು, ಎದುರು ಮನೆಯ ಬಾಲ್ಕನಿಯಿಂದ ಬರುವ ಕೂಗು, ಎಲ್ಲವೂ ಆ ಹತ್ತು ಸೆಕೆಂಡುಗಳಲ್ಲೇ ಸಿಗುತ್ತವೆ. ಪ್ರತಿ ದಾಖಲೆಯ ಆರಂಭದಲ್ಲಿ ಏನು, ಎಲ್ಲಿ, ಎಷ್ಟು ಗಂಟೆ ಎಂದು ಮೆಲ್ಲಗೆ ಹೇಳಿಬಿಟ್ಟರೆ ಆಮೇಲೆ ಹುಡುಕಾಟ ತಪ್ಪುತ್ತದೆ.

ಮನೆಗೆ ಬರುವಾಗ ಬೇರೆ ಬೇರೆಯೆಂದು ಗುರುತಿಸಬಹುದಾದ ಹತ್ತು ಸದ್ದುಗಳಾದರೂ ಇರಬೇಕು. ಜೊತೆಗೆ, ಯಾವ ಜಾಗದಲ್ಲಿ ಮಾತು ದಾಖಲಿಸುತ್ತೀರೋ ಆ ಜಾಗದ ಬರೀ ಹಿನ್ನೆಲೆಯನ್ನು, ಅಂದರೆ ಯಾರೂ ಮಾತಾಡದ ಒಂದು ನಿಮಿಷವನ್ನು, ತಪ್ಪದೆ ತೆಗೆಯಿರಿ. ಎರಡು ವಾಕ್ಯಗಳ ನಡುವಿನ ಕತ್ತರಿ ಗುರುತನ್ನು ಮುಚ್ಚಲು ಇದೊಂದೇ ವಸ್ತು ಕೆಲಸಕ್ಕೆ ಬರುವುದು. ಮೌಲ್ಯಮಾಪನಕ್ಕೆ ಬರುವ ಕೆಲಸಗಳಲ್ಲಿ ಅತಿ ಹೆಚ್ಚು ಮರೆತುಹೋಗಿರುವುದೂ ಇದೇ.

ಗಾಡಿಯ ಮೇಲಿನ ರೇಡಿಯೊದ ಬಗ್ಗೆ ಎಚ್ಚರ. ಚಿತ್ರಗೀತೆ ಹಿನ್ನೆಲೆಯಲ್ಲಿದ್ದರೆ ಎರಡು ತೊಂದರೆ: ಮಾತನ್ನು ಎಲ್ಲಿ ಕತ್ತರಿಸಿದರೂ ಹಾಡು ಜಿಗಿಯುತ್ತದೆ, ಮತ್ತು 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಹಾಡಿನ ಹಕ್ಕು ಇನ್ನೊಬ್ಬರದು, ಇಂಟರ್‌ನೆಟ್‌ಗೆ ಏರಿಸಿದಾಗ ನಿಮ್ಮ ಕಡತವನ್ನೇ ತಡೆಹಿಡಿಯಬಹುದು. ಮಾತಿನ ಹೊತ್ತಿಗೆ ರೇಡಿಯೊ ಆರಿಸಲು ವಿನಂತಿಸಿ. ಮನೆಯೊಳಗೆ ದಾಖಲಿಸುವುದಾದರೆ ಫ್ರಿಜ್ಜು, ಫ್ಯಾನುಗಳಿಗೂ ಇದೇ ನಿಯಮ. ಫ್ರಿಜ್ಜು ಆರಿಸಿದಾಗ ನಿಮ್ಮ ಬೈಕಿನ ಕೀಲಿಯನ್ನು ಅದರೊಳಗೇ ಇಡಿ, ಮತ್ತೆ ಹಾಕದೆ ಹೊರಡುವುದು ಸಾಧ್ಯವಾಗುವುದಿಲ್ಲ.

## ಹಂತ 5: ಮಾತು, ಕೆಲಸದ ನಡುವೆ ಮತ್ತು ಕೆಲಸದ ನಂತರ

ಮಾತನ್ನು ಎರಡು ಸಲ ದಾಖಲಿಸಬೇಕು. ಮೊದಲನೆಯದು ಕೈ ಕೆಲಸ ಮಾಡುತ್ತಿರುವಾಗ. ಆಗ ಕೇಳಬೇಕಾದ ಪ್ರಶ್ನೆಗಳು ಎದುರಿಗೆ ನಡೆಯುತ್ತಿರುವುದಕ್ಕೆ ಸಂಬಂಧಿಸಿರಲಿ: “ಈಗ ಏನ್ ಮಾಡ್ತಿದೀರ?”, “ಪೆಟ್ಟಿಗೆ ಕಾದಿದೆ ಅಂತ ಹೇಗೆ ಗೊತ್ತಾಗತ್ತೆ?”, “ರೇಷ್ಮೆ ಸೀರೆ ಬಂದ್ರೆ ಏನ್ ಬದಲಾಯಿಸ್ತೀರ?” ಕೈ ಕೆಲಸದಲ್ಲಿದ್ದಾಗ ನಾಲಿಗೆಯ ಬಿಗಿ ಸಡಿಲವಾಗುತ್ತದೆ, ಮತ್ತು ಕೆಲಸದ ಸದ್ದು ಮಾತಿನ ಕೆಳಗೆ ತಾನಾಗಿ ಬರುತ್ತದೆ.

ಎರಡನೆಯದು ಕೆಲಸ ಮುಗಿದ ಮೇಲೆ, ಕಾಲರ್ ಮೈಕ್ ಹಾಕಿ, ಗದ್ದಲ ಕಡಿಮೆಯಿರುವ ಮೂಲೆಯಲ್ಲಿ. ಹಿಂದಿನದು, ಮನೆಯದು, ಹಣದ ಲೆಕ್ಕ, ಮನಸ್ಸಿಗೆ ಭಾರವಾಗುವ ಸಂಗತಿ ಇವೆಲ್ಲ ಇಲ್ಲಿಗೆ ಸೇರಿದವು, ಅದೂ ಇದೇ ಅನುಕ್ರಮದಲ್ಲಿ. ಮೊದಲ ಪ್ರಶ್ನೆಯೇ “ನಿಮ್ಮ ಕಷ್ಟಗಳೇನು?” ಎಂದಾದರೆ ಅವರು ಕಷ್ಟಗಳ ಪಟ್ಟಿ ಒಪ್ಪಿಸುತ್ತಾರೆ, ಯಾವ ಇಲಾಖೆಯ ಅರ್ಜಿಗಾದರೂ ಹೊಂದುವ ಪಟ್ಟಿ ಅದು. ಬದಲಿಗೆ “ಮಳೆ ಬಂದ ದಿನ ಹೇಗೆ?” ಎಂದು ಕೇಳಿ. ಹೌದು, ಇಲ್ಲ ಎಂದು ಮುಗಿಯಬಹುದಾದ ಪ್ರಶ್ನೆಗಳನ್ನು ನೋಟ್‌ಪುಸ್ತಕದಿಂದಲೇ ಹೊಡೆದುಹಾಕಿ.

ನಿಮ್ಮ ಪ್ರಶ್ನೆ ಅಂತಿಮ ಕಡತದಲ್ಲಿ ಇರುವುದಿಲ್ಲವಾದರೆ ಉತ್ತರ ತಾನೇ ನಿಲ್ಲುವಂತಿರಬೇಕು. “ಎಷ್ಟು ಗಂಟೆಗೆ ಏಳ್ತೀರ?” ಎಂದರೆ “ಐದಕ್ಕೆ” ಎಂಬ ಉತ್ತರ ಬಂದು, ಅದು ಯಾವ ಪ್ರಯೋಜನಕ್ಕೂ ಬಾರದೆ ಹೋಗುತ್ತದೆ. “ಎದ್ದಾಗಿನಿಂದ ಗಾಡಿ ತೆಗೆಯೋವರೆಗೂ ಏನೇನ್ ಆಗತ್ತೆ, ಒಂದೊಂದಾಗಿ ಹೇಳಿ ಅಣ್ಣ” ಎಂದರೆ ಒಂದು ದೃಶ್ಯವೇ ಸಿಗುತ್ತದೆ.

ಎರಡು ಅಭ್ಯಾಸಗಳನ್ನು ಹತ್ತಿಕ್ಕಬೇಕು. ಒಂದು, ಎದುರಿನವರು ಮಾತಾಡುವಾಗ “ಹೂಂ”, “ಹೌದಾ”, “ಅಯ್ಯೋ” ಎಂದು ಸದ್ದಿನಲ್ಲಿ ಸ್ಪಂದಿಸುವುದು. ನಮ್ಮಲ್ಲಿ ಅದು ಮರ್ಯಾದೆ. ಮೈಕ್‌ನಲ್ಲಿ ಅದು ತೆಗೆಯಲಾಗದ ಕಲೆ. ತಲೆಯಾಡಿಸಿ, ಕಣ್ಣಿನಲ್ಲಿ ಸ್ಪಂದಿಸಿ. ಎರಡು, ಉತ್ತರ ಮುಗಿದೊಡನೆ ಮುಂದಿನ ಪ್ರಶ್ನೆ ಎಸೆಯುವುದು. ನಾಲ್ಕೈದು ಸೆಕೆಂಡ್ ಸುಮ್ಮನಿದ್ದರೆ ಅವರು ಇನ್ನೊಂದು ವಾಕ್ಯ ಸೇರಿಸುತ್ತಾರೆ, ಎಷ್ಟೋ ಸಲ ಬೇಕಾದದ್ದು ಅದೇ ಆಗಿರುತ್ತದೆ.

ಭಾಷೆಯ ವಿಷಯಕ್ಕೆ ಬಂದರೆ, ಪುಸ್ತಕದ ಕನ್ನಡದಲ್ಲಿ ಕೇಳಿದವರಿಗೆ ಪುಸ್ತಕದ ಕನ್ನಡದ ಉತ್ತರವೇ ದೊರೆಯುತ್ತದೆ. ಮಂಡ್ಯದವರು ಮಂಡ್ಯದ ಹಾಗೆ, ರಾಯಚೂರಿನವರು ರಾಯಚೂರಿನ ಹಾಗೆ ಮಾತಾಡಲಿ, ತಿದ್ದಬೇಡಿ. ಈ ನಗರದಲ್ಲಿ ನೀವು ಆರಿಸಿದವರು ತಮಿಳು, ತೆಲುಗು ಅಥವಾ ದಖನಿಯಲ್ಲಿ ಸಲೀಸಾಗಿ ಮಾತಾಡುವವರಾಗಿರುವ ಸಂಭವ ಸಾಕಷ್ಟಿದೆ. ಹಾಗಿದ್ದರೆ ಆ ಭಾಷೆ ಬಲ್ಲವರು ತಂಡದಲ್ಲಿರಲಿ. ಅಂತಿಮ ರೂಪದಲ್ಲಿ ಮೂಲ ಧ್ವನಿಯನ್ನು ಮೂರು ನಾಲ್ಕು ಸೆಕೆಂಡ್ ಪೂರ್ಣ ಮಟ್ಟದಲ್ಲಿ ಕೇಳಿಸಿ, ಅದನ್ನು ತಗ್ಗಿಸಿ ಕನ್ನಡದ ಧ್ವನಿ ತಂದು, ವಾಕ್ಯದ ತುದಿಯಲ್ಲಿ ಮೂಲ ಧ್ವನಿ ಮತ್ತೆ ಮೇಲೇಳುವಂತೆ ಮಾಡಬಹುದು. ಕನ್ನಡದಲ್ಲಿ ಓದುವವರು ಅಭಿನಯಿಸಬಾರದು.

ಸ್ಥಳದಲ್ಲೇ ಗಮನಿಸಬೇಕಾದ ಅಪಾಯದ ಸೂಚನೆಗಳಿವೆ. ಹೆಡ್‌ಫೋನಿನಲ್ಲಿ ಧ್ವನಿ ಬಾವಿಯೊಳಗಿಂದ ಬಂದಂತಿದ್ದರೆ ಮೈಕ್ ದೂರವಿದೆ. ಕರಕರ ಸದ್ದು ಬಂದರೆ ಕಾಲರ್ ಮೈಕ್ ಬಟ್ಟೆಗೆ ಅಥವಾ ಸರಕ್ಕೆ ಉಜ್ಜುತ್ತಿದೆ. ಸಮಯಸೂಚಕ ಓಡದಿದ್ದರೆ ದಾಖಲೆಯೇ ಆಗುತ್ತಿಲ್ಲ. ಉತ್ತರಗಳು ಒಂದೊಂದೇ ಪದಕ್ಕೆ ಇಳಿದರೆ, ಅಥವಾ ಅವರು ಪದೇ ಪದೇ ಗಾಡಿಯ ಕಡೆಗೆ ನೋಡುತ್ತಿದ್ದರೆ, ಮೈಕ್ ಕೆಳಗಿಟ್ಟು ಇನ್ನೊಂದು ದಿನ ಬರುವುದೇ ಒಳ್ಳೆಯದು.

## ಹಂತ 6: ಅದೇ ದಿನ ಪ್ರತಿ ಮಾಡಿ, ಪಟ್ಟಿ ಮಾಡಿ

ಮಲಗುವ ಮೊದಲು ಎಲ್ಲ ಕಡತಗಳೂ ಎರಡು ಬೇರೆ ಜಾಗಗಳಲ್ಲಿರಬೇಕು. ಹೆಸರಿನಲ್ಲಿ ದಿನಾಂಕ, ಸ್ಥಳ, ವಿಷಯ ಮೂರೂ ಇರಲಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಸ್ಪೀಕರ್‌ನಲ್ಲಿ ಹಾಕಿ ಮತ್ತೆ ವಾಯ್ಸ್ ನೋಟ್ ಆಗಿ ದಾಖಲಿಸಿ ಕಳಿಸುವವರೂ ಇದ್ದಾರೆ, ನಂಬುವುದು ಕಷ್ಟವಾದರೂ.

ಆಮೇಲೆ ಪೂರ್ತಿ ಕೇಳುತ್ತಾ ನಿಮಿಷ, ಸೆಕೆಂಡ್ ಸಮೇತ ಪಟ್ಟಿ ಮಾಡಿ. ಒಂದು ಗಂಟೆಯ ದಾಖಲೆಗೆ ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ಯಂತ್ರದಿಂದ ಬರಹ ಮಾಡಿಸಿದರೂ, ಹಲವು ಭಾಷೆ ಬೆರೆತ ಬೀದಿಯ ಮಾತಿನಲ್ಲಿ ತಪ್ಪುಗಳು ನುಸುಳುವುದರಿಂದ, ಬಳಸಲಿರುವ ಪ್ರತಿ ವಾಕ್ಯವನ್ನೂ ಕಿವಿಯಿಂದಲೇ ಪರಿಶೀಲಿಸಬೇಕು.

## ಹಂತ 7: ಕಾಗದದ ಮೇಲೆ ಸಂಕಲನ, ಆಮೇಲೆ ನಿರೂಪಣೆ

ಕಂಪ್ಯೂಟರ್ ತೆರೆಯುವ ಮೊದಲು ಸದ್ದು ಮತ್ತು ಮಾತಿನ ತುಣುಕುಗಳನ್ನು ಚೀಟಿಗಳಲ್ಲಿ ಬರೆದು ನೆಲದ ಮೇಲೆ ಹರಡಿ ಜೋಡಿಸಿ. ನಿರೂಪಣೆಯ ಚೀಟಿ ಇನ್ನೂ ಇರಬಾರದು. ಸದ್ದು ಮತ್ತು ಅವರ ಮಾತುಗಳಷ್ಟರಿಂದಲೇ ಕತೆ ಎಲ್ಲಿಯವರೆಗೆ ಸಾಗುತ್ತದೆ ಎಂದು ನೋಡಿ. ಎಲ್ಲಿ ಕೇಳುಗರು ದಾರಿ ತಪ್ಪುತ್ತಾರೋ ಅಲ್ಲಿ ಮಾತ್ರ ನಿರೂಪಣೆ ಬೇಕು.

ಇಸ್ತ್ರಿ ಗಾಡಿಯ ಮೊದಲ ಒಂದೂಕಾಲು ನಿಮಿಷ ಹೀಗೆ ಇರಬಹುದು. ಮೊದಲ 12 ಸೆಕೆಂಡ್ ಬೂದಿ ಕೊಡವುವ ಸದ್ದು, ಹತ್ತಿರದಿಂದ, ಮಾತಿಲ್ಲದೆ. 12ರಿಂದ 35ರವರೆಗೆ ಅವರದೇ ಧ್ವನಿಯಲ್ಲಿ ಇದ್ದಿಲು ಹೊತ್ತಿಸುವ ಬಗೆ. 35ರಿಂದ 45ರವರೆಗೆ ದೂರದಿಂದ ತೆಗೆದ ಓಣಿಯ ಸದ್ದು, ಹಾಲಿನ ಬೈಕು, ಗೇಟು ತೆರೆಯುವುದು. 45ಕ್ಕೆ ನಿರೂಪಣೆ ಮೊದಲ ಬಾರಿಗೆ, ಎರಡೇ ವಾಕ್ಯ. 55ಕ್ಕೆ ಮೇಜಿಗೆ ಪೆಟ್ಟಿಗೆ ಕೂರುವ ಸದ್ದು, ಅದರ ಬೆನ್ನಿಗೆ ಮೊದಲ ಗಿರಾಕಿಯ ದನಿ.

ನಿರೂಪಣೆ ಕಿವಿಗಾಗಿ ಬರೆಯುವ ಗದ್ಯ. “ಬಡತನದ ಬೇಗೆಯಲ್ಲಿ ಬೆಂದರೂ ನಗುಮುಖದಿಂದ ಕಾಯಕದಲ್ಲಿ ನಿರತರಾಗಿರುವ ಇವರ ಬದುಕು ನಮಗೆಲ್ಲ ಮಾದರಿ” ಎಂಬ ವಾಕ್ಯ ಯಾವ ಗಾಡಿಗಾದರೂ ಅಂಟುತ್ತದೆ, ಆದ್ದರಿಂದ ಯಾವುದಕ್ಕೂ ಅಂಟುವುದಿಲ್ಲ. “ಬೆಳಗ್ಗೆ ಏಳು ಗಂಟೆ. ಗಾಡಿಯ ಮೇಲೆ ಮೂರು ಗಂಟು ಬಟ್ಟೆ. ಮೊದಲ ಗಂಟು ಎಂಟೂವರೆಯೊಳಗೆ ಮೂರನೇ ಮಹಡಿಗೆ ಹೋಗಬೇಕು” ಎಂದರೆ ಕೇಳುಗರು ಗಡಿಯಾರ ನೋಡತೊಡಗುತ್ತಾರೆ. ಸದ್ದು ಈಗಾಗಲೇ ಹೇಳಿದ್ದನ್ನು ನಿರೂಪಣೆ ಮತ್ತೆ ಹೇಳಬಾರದು. ಮುಂದಿನ ವಾಕ್ಯದಲ್ಲಿ ಅವರೇ ಹೇಳಲಿರುವುದನ್ನು ಮೊದಲೇ ಹೇಳಿಬಿಡಲೂಬಾರದು. ಬರೆದದ್ದನ್ನು ಗಟ್ಟಿಯಾಗಿ ಓದಿ, ಉಸಿರು ಸಾಲದ ವಾಕ್ಯವನ್ನು ಎರಡು ಮಾಡಿ.

## ಹಂತ 8: ಕತ್ತರಿ ಮತ್ತು ಮಿಶ್ರಣ

ನಾಲ್ಕು ಟ್ರ್ಯಾಕ್ ಸಾಕು: ಅವರ ಮಾತು, ನಿರೂಪಣೆ, ಕೆಲಸದ ಸದ್ದು, ಸ್ಥಳದ ಹಿನ್ನೆಲೆ. ಮಾತನ್ನು ಉಸಿರಿನ ಹತ್ತಿರ ಕತ್ತರಿಸಿ, ಆದರೆ ಉಸಿರನ್ನೆಲ್ಲ ತೆಗೆದುಹಾಕಬೇಡಿ. ಉಸಿರಾಡದೆ ಮಾತಾಡುವ ಮನುಷ್ಯರು ವಿಚಿತ್ರವಾಗಿ ಕೇಳಿಸುತ್ತಾರೆ. ಕತ್ತರಿಸಿದ ತುದಿಗಳಲ್ಲಿ 10ರಿಂದ 20 ಮಿಲಿಸೆಕೆಂಡಿನ ಕ್ರಾಸ್‌ಫೇಡ್, ಅಂದರೆ ಒಂದು ತುಣುಕು ಇಳಿಯುತ್ತಿದ್ದಂತೆ ಇನ್ನೊಂದು ಏರುವ ಬೆಸುಗೆ, ಕೊಟ್ಟರೆ ಚಿಟಿಕೆಯ ಸದ್ದು ಬರುವುದಿಲ್ಲ. ಸ್ಥಳದ ಹಿನ್ನೆಲೆ ಎರಡು ಮೂರು ಸೆಕೆಂಡುಗಳಲ್ಲಿ ಏರಿ, ಹಾಗೆಯೇ ಇಳಿಯಲಿ, ಮತ್ತು ಮಾತಿನ ಕೆಳಗೆ ಅದು 15ರಿಂದ 20 ಡೆಸಿಬೆಲ್‌ನಷ್ಟು ತಗ್ಗಿರಲಿ.

ಮಾತಿನ ಟ್ರ್ಯಾಕಿಗೆ 80 ಹರ್ಟ್ಝ್‌ನ ಹೈಪಾಸ್ ಫಿಲ್ಟರ್, ಅಂದರೆ ಅದಕ್ಕಿಂತ ಕೆಳಗಿನ ಸದ್ದನ್ನು ತಗ್ಗಿಸುವ ಸೋಸುಕ, ಹಾಕಿದರೆ ವಾಹನಗಳ ಗುಡುಗು ಬಹಳಷ್ಟು ತಗ್ಗುತ್ತದೆ. ಗದ್ದಲ ತೆಗೆಯುವ ಸಾಧನವನ್ನು 6ರಿಂದ 12 ಡೆಸಿಬೆಲ್‌ಗೆ ನಿಲ್ಲಿಸಿ. ಅದಕ್ಕಿಂತ ಹೆಚ್ಚಾದರೆ ಧ್ವನಿ ನೀರಿನೊಳಗಿಂದ ಬಂದಂತಾಗುತ್ತದೆ. ಬೀದಿಯಲ್ಲಿ ನಿಂತವರ ಮಾತಿನ ಹಿಂದೆ ಬೀದಿ ಇದ್ದರೆ ಯಾರೂ ದೂರುವುದಿಲ್ಲ.

ಸಂಗೀತ ಬೇಡ. ಹತ್ತು ಸದ್ದುಗಳನ್ನು ತಂದಿದ್ದರೆ ಅದರ ಅಗತ್ಯ ಬೀಳುವುದಿಲ್ಲ. ಅಗತ್ಯ ಬಿದ್ದಿದೆ ಎಂದಾದರೆ ಹಂತ 4 ಸರಿಯಾಗಿ ಆಗಿಲ್ಲ, ಮತ್ತೊಮ್ಮೆ ಓಣಿಗೆ ಹೋಗಿ ಬನ್ನಿ.

ಮಾತಿನ ಸಂಕಲನಕ್ಕೊಂದು ಗಡಿ ಇದೆ. ತಡವರಿಕೆ, ಪುನರುಕ್ತಿ ತೆಗೆಯಬಹುದು. ಒಂದು ಪ್ರಶ್ನೆಯ ಉತ್ತರವನ್ನು ಇನ್ನೊಂದು ವಿಷಯಕ್ಕೆ ಜೋಡಿಸುವುದು, ಒಂದು ಕಡೆಯ ನಗುವನ್ನು ಇನ್ನೊಂದು ಕಡೆ ತರುವುದು ಸಲ್ಲದು.

ಕೊನೆಗೆ ಒಟ್ಟಾರೆ ಗಟ್ಟಿತನವನ್ನು ಸ್ಟೀರಿಯೊ ಆದರೆ ಮೈನಸ್ 16, ಮೊನೊ ಆದರೆ ಮೈನಸ್ 19 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳಿಸುವ ಗಟ್ಟಿತನದ ಅಳತೆ) ಹೊಂದಿಸಿ, ಶಿಖರ ಮೈನಸ್ 1 ಡೆಸಿಬೆಲ್ ಮೀರದಂತೆ ನೋಡಿಕೊಳ್ಳಿ. ಆಡಾಸಿಟಿಯಲ್ಲಿ ಇದಕ್ಕೆ ಲೌಡ್‌ನೆಸ್ ನಾರ್ಮಲೈಸೇಷನ್ ಎಂಬ ಆಯ್ಕೆ ಇದೆ. ಮೂಲ ಪ್ರತಿಯನ್ನು ವೇವ್ ಆಗಿ ಇಟ್ಟುಕೊಂಡು, ಹಂಚಲು 128 ಕೆಬಿಪಿಎಸ್‌ನ ಎಂಪಿ3 ತೆಗೆಯಿರಿ. ಹೆಡ್‌ಫೋನಿನಲ್ಲಿ, ಫೋನಿನ ಸ್ಪೀಕರ್‌ನಲ್ಲಿ ಮತ್ತು ಓಡುವ ಬಸ್ಸಿನಲ್ಲಿ ಕೇಳಿ ನೋಡಿ. ಬಸ್ಸಿನಲ್ಲಿ ಕೇಳಿಸದ ವಾಕ್ಯ ಯಾವುದೋ ಅದರ ಹಿನ್ನೆಲೆ ಇನ್ನೂ ತಗ್ಗಬೇಕು.

## ಹಂತ 9: ಸಲ್ಲಿಸುವ ಮೊದಲು ಅವರಿಗೆ ಕೇಳಿಸಿ

ಸಿದ್ಧವಾದ ಕಡತವನ್ನು ಮೊದಲು ಕೇಳಬೇಕಾದವರು ಉಪನ್ಯಾಸಕರಲ್ಲ. ಗಾಡಿಯ ಬಳಿ ಹೋಗಿ, ಅವರ ಕಿವಿಗೆ ಹೆಡ್‌ಫೋನ್ ಕೊಟ್ಟು ಪೂರ್ತಿ ಕೇಳಿಸಿ. ಹೆಸರು, ಊರು, ಲೆಕ್ಕಗಳ ತಪ್ಪುಗಳನ್ನು ಅವರೇ ತಿದ್ದುತ್ತಾರೆ.

ಅವರ ಗಮನಕ್ಕೆ ಬಾರದ ಅಪಾಯಗಳನ್ನು ನೀವೇ ನೋಡಬೇಕು. ಬೀದಿಬದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸುವ ಕಾಯ್ದೆ 2014ರಲ್ಲಿ ಬಂದಿದ್ದರೂ ಎಲ್ಲರ ಕೈಯಲ್ಲೂ ಪ್ರಮಾಣಪತ್ರ ಇರುವುದಿಲ್ಲ. ಯಾರಿಗೆ ಎಷ್ಟು ಮಾಮೂಲು ಕೊಡುತ್ತೇನೆ, ಯಾವ ಕಂಬದಿಂದ ಕರೆಂಟು ಎಳೆದಿದ್ದೇನೆ, ಯಾವ ಮನೆಯವರು ಬಾಕಿ ಕೊಟ್ಟಿಲ್ಲ ಎಂಬ ಮಾತುಗಳು ಗಾಡಿ ನಿಲ್ಲುವ ರಸ್ತೆಯ ಹೆಸರಿನೊಂದಿಗೆ ಹೊರಬಿದ್ದರೆ ಮರುದಿನವೇ ಗಾಡಿ ಎತ್ತಂಗಡಿಯಾಗಬಹುದು. ಅಂಥ ವಾಕ್ಯ ಎಷ್ಟೇ ಚೆನ್ನಾಗಿ ದಾಖಲಾಗಿದ್ದರೂ ತೆಗೆಯಿರಿ, ಅಥವಾ ರಸ್ತೆಯ ಗುರುತು ಸಿಗದಂತೆ ಮಾಡಿ. ಓಣಿಯ ಹಿನ್ನೆಲೆಯಲ್ಲಿ ಬಸ್ ನಿಲ್ದಾಣದ ಹೆಸರು ಕೂಗುವ ಕಂಡಕ್ಟರ್ ಇದ್ದರೆ ಅವರ ಧ್ವನಿಯನ್ನೂ ಅಳಿಸಬೇಕಾಗುತ್ತದೆ ಎಂಬುದನ್ನು ಮರೆಯಬೇಡಿ.

ಸಮುದಾಯ ಬಾನುಲಿಯಲ್ಲಿ ಪ್ರಸಾರವಾಗಬೇಕೆಂದಿದ್ದರೆ, ನಗರದ ರೇಡಿಯೊ ಆಕ್ಟಿವ್ 90.4ನಂಥ ಕೇಂದ್ರವನ್ನು ಮಿಶ್ರಣಕ್ಕೆ ಮೊದಲೇ ಸಂಪರ್ಕಿಸಿ, ಅವರಿಗೆ ಬೇಕಾದ ಅವಧಿ ಮತ್ತು ಕಡತದ ಬಗೆಯನ್ನು ಕೇಳಿಕೊಳ್ಳಿ. ಒಪ್ಪಿಗೆ ಪಡೆಯುವಾಗ ಪ್ರಸಾರದ ಮಾತು ಎತ್ತಿರದಿದ್ದರೆ ಮತ್ತೆ ಹೋಗಿ ಕೇಳಬೇಕು. ಹಳೆಯ ಒಪ್ಪಿಗೆ ಹೊಸ ಜಾಗಕ್ಕೆ ಅನ್ವಯಿಸುವುದಿಲ್ಲ. ಅಂಕಗಳು ಬಂದ ಮೇಲೂ ಮೂಲ ದಾಖಲೆ, ಪಟ್ಟಿ ಮತ್ತು ಧ್ವನಿಯಲ್ಲಿರುವ ಒಪ್ಪಿಗೆಯನ್ನು ಒಂದೇ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ, ಮತ್ತು ತೆಗೆಯಿರಿ ಎಂದು ಅವರು ಯಾವತ್ತಾದರೂ ಕರೆ ಮಾಡಿದರೆ ಎತ್ತಲು ತಂಡದಲ್ಲಿ ಒಬ್ಬರ ನಂಬರು ಅವರ ಬಳಿ ಇರಲಿ.